ನಿರ್ಬಂಧದ ಸುದ್ದಿ ಬಂದರೆ ಬಂದೂಕಿನ ತೋಟಾ ಬೆಲೆ ಏಕೆ ಏರುತ್ತದೆ? ಈಗಲೇ ಕೊಂಡಿಡಬೇಕೆ?

ಪ್ರಶ್ನೆ: ಸರ್, ನಮಸ್ಕಾರ. ನಾ ಇರೋದು ಹುಬ್ಬಳ್ಳಿಯಾಗ, ಹೊಲ ಇರೋದು ಕಲಘಟಗಿ ತಾಲ್ಲೂಕಿನ ಕಾಡಂಚಿನ ಊರಾಗ. ಗೋವಿನಜೋಳಕ್ಕ ಹಂದಿ ಕಾಟ ಅಂತ ನಮ್ಮ ಅಪ್ಪಾರ ಕಾಲದಿಂದ ಬೆಳೆ ರಕ್ಷಣೆ ಲೈಸೆನ್ಸ್ ಐತಿ, ಈಗ ನನ್ನ ಹೆಸರಿಗೆ ಮಾಡಿಸೇನಿ. ಹನ್ನೆರಡು ಬೋರಿನ ಸಿಂಗಲ್ ಬ್ಯಾರಲ್. ಮೊನ್ನೆ ಅಂಗಡಿಯವರು, "ತೋಟಾ ಮ್ಯಾಲೆ ಇನ್ನೂ ಬಿಗಿ ಬರ್ತೈತಂತ, ರೇಟೂ ಏರ್ತೈತಿ, ವರ್ಷದ್ದೆಲ್ಲಾ ಈಗ ಒಯ್ದುಬಿಡ್ರಿ" ಅಂದ್ರು. ನಮ್ಮ ಅಳಿಯ ಅಮೆರಿಕದ ಟೆಕ್ಸಾಸ್‌ನಾಗ ಅದಾರ. ಅಲ್ಲಿ ಹಿಂತಾ ಸುದ್ದಿ ಬಂದಾಗೆಲ್ಲಾ ಅಂಗಡಿ ಖಾಲಿ ಆಗಿ ರೇಟು ಡಬಲ್ ಆಗ್ತೈತಿ ಅಂತ ಅವರೂ ಅಂದ್ರು. ಕಾನೂನು ಬರೋಕಿಂತ ಮೊದಲ ರೇಟು ಯಾಕ ಏರ್ತೈತಿ? ನಮ್ಮಲ್ಲೂ ಹಂಗ ಆಗ್ತೈತೇನು? ಈಗ ಕೊಂಡಿಡೋದು ಚಲೋನೋ ಹೆಂಗ? ಅಳಿಯ ದೀಪಾವಳಿಗೆ ಬರೋರದಾರ, ಎರಡು ಬಾಕ್ಸ್ ತರ್ಲೇನು ಅಂತ ಕೇಳ್ಯಾರ.

ಉತ್ತರ: ಮೊದಲು ತುರ್ತಿನ ಮಾತು ಮುಗಿಸೋಣ. ಅಳಿಯಂದಿರಿಗೆ ಇವತ್ತೇ ಫೋನ್ ಮಾಡಿ, ಎರಡು ಬಾಕ್ಸ್ ಹಾಗಿರಲಿ, ಒಂದೇ ಒಂದು ತೋಟಾವನ್ನೂ ತರಕೂಡದು ಎಂದು ಹೇಳಿಬಿಡಿ. ನಮ್ಮಲ್ಲಿ ಬಂದೂಕಿಗೆ ಪರವಾನಗಿ ಬೇಕಾದಂತೆ ತೋಟಾಕ್ಕೂ ಬೇಕು. ಹೊರದೇಶದಿಂದ ತರುವುದಕ್ಕೆ ಅದರ ಮೇಲೆ ಇನ್ನೊಂದು ಅನುಮತಿ ಬೇಕು. ನಿಮ್ಮ ಲೈಸೆನ್ಸ್ ನಿಮ್ಮದು, ಅದು ಅಳಿಯಂದಿರ ಬ್ಯಾಗಿನಲ್ಲಿರುವ ತೋಟಾವನ್ನು ಕಾಯುವುದಿಲ್ಲ. ಪರವಾನಗಿ ಇಲ್ಲದೆ ತೋಟಾ ಇಟ್ಟುಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಮಿನಡಿ ಜೈಲು ಶಿಕ್ಷೆ ಇದೆ, 2019ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಬ್ಯಾಗಿನ ಮೂಲೆಯಲ್ಲಿ ಮರೆತುಳಿದ ಒಂದೇ ಗುಂಡಿಗಾಗಿ ವಿಮಾನ ನಿಲ್ದಾಣದಿಂದ ನೇರ ಠಾಣೆಗೆ ಹೋದವರಿದ್ದಾರೆ. ಹಬ್ಬಕ್ಕೆ ಬಂದ ಅಳಿಯನನ್ನು ಬಿಡಿಸಿಕೊಳ್ಳಲು ವಕೀಲರನ್ನು ಹುಡುಕುವ ಪರಿಸ್ಥಿತಿ ಯಾರ ಮನೆಗೂ ಬರಬಾರದು.

ಇನ್ನು ಬೆಲೆಯ ವಿಚಾರ. ಅಳಿಯಂದಿರು ಹೇಳಿದ್ದು ನಿಜ. ಅಮೆರಿಕದಲ್ಲಿ ತೋಟಾ ಬೆಲೆ ಏರಲು ಕಾನೂನು ಪಾಸಾಗಲೇಬೇಕೆಂದಿಲ್ಲ, ಪಾಸಾಗಬಹುದೆಂಬ ಮಾತು ಹಬ್ಬಿದರೂ ಏರುತ್ತದೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಯುವಕ 20 ಪುಟ್ಟ ಮಕ್ಕಳನ್ನೂ ಶಾಲೆಯ 6 ಮಂದಿ ಸಿಬ್ಬಂದಿಯನ್ನೂ ಗುಂಡಿಟ್ಟು ಕೊಂದ. ಮುಂದಿನ ತಿಂಗಳೇ ಅಧ್ಯಕ್ಷ ಒಬಾಮ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ, ಹೆಚ್ಚು ಗುಂಡು ಹಿಡಿಯುವ ಮ್ಯಾಗಝೀನ್‌ಗಳ ಮೇಲೆ ನಿಷೇಧ ಮುಂತಾದ ಪ್ರಸ್ತಾಪಗಳನ್ನು ಮುಂದಿಟ್ಟರು. 2013ರ ಏಪ್ರಿಲ್ 17ರಂದು ಹಿನ್ನೆಲೆ ತಪಾಸಣೆಯ ಪ್ರಸ್ತಾಪಕ್ಕೆ ಅಲ್ಲಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 54 ಮತ ಬಿದ್ದವು. ಬೇಕಿದ್ದದ್ದು 60. ಅಲ್ಲಿಗೆ ಅದು ಮುಗಿಯಿತು. ಇಡೀ ದೇಶಕ್ಕೆ ಅನ್ವಯವಾಗುವಂಥ ಒಂದು ಹೊಸ ನಿರ್ಬಂಧವೂ ತೋಟಾದ ಮೇಲೆ ಬರಲಿಲ್ಲ.

ಆದರೂ ಆ ವರ್ಷ ಅಂಗಡಿಗಳ ಕಪಾಟುಗಳು ಬರಿದಾಗಿದ್ದವು. ವಾಲ್‌ಮಾರ್ಟ್ ಅಂಗಡಿಗಳಲ್ಲಿ ಒಬ್ಬರಿಗೆ ದಿನಕ್ಕೆ ಮೂರೇ ಬಾಕ್ಸ್ ಎಂಬ ಮಿತಿ ಹಾಕಬೇಕಾಯಿತು. ಹೆಚ್ಚು ಕಾಲ ಮಾಯವಾದದ್ದು ಪಾಯಿಂಟ್ ಟೂಟೂ ಎನ್ನುವ ಸಣ್ಣ ತೋಟಾ. ನಮ್ಮ ಕಾಲೇಜುಗಳ ಎನ್‌ಸಿಸಿ ಹುಡುಗರು ಗುರಿ ಕಲಿಯುವ ರೈಫಲ್ಲಿಗೆ ಹಾಕುವುದೂ ಅದನ್ನೇ. ಯಾವ ಪ್ರಸ್ತಾಪದಲ್ಲೂ ಆ ತೋಟಾದ ಹೆಸರಿರಲಿಲ್ಲ, ಅದನ್ನು ನಿಲ್ಲಿಸಬೇಕೆಂದು ಯಾರೂ ಕೇಳಿರಲಿಲ್ಲ. ಆದರೆ ಅದು ಅತಿ ಅಗ್ಗದ ತೋಟಾ, ಒಂದಕ್ಕೆ ನಾಲ್ಕೈದು ಸೆಂಟ್. ಐದುನೂರರ ಡಬ್ಬಿಯನ್ನು ಯಾರು ಬೇಕಾದರೂ ಕೊಂಡೊಯ್ದು ಮಂಚದ ಕೆಳಗೆ ಇಡಬಹುದಿತ್ತು. ಮುಂದಿನ ಒಂದೆರಡು ವರ್ಷ ಅದು ಅಂಗಡಿಯಲ್ಲಿ ಸಿಗುವುದೇ ಅಪರೂಪವಾಗಿ, ಕೈಯಿಂದ ಕೈಗೆ ಮಾರುವವರು ಎರಡು ಮೂರು ಪಟ್ಟು ಕೇಳುತ್ತಿದ್ದರು.

ಇದಕ್ಕೆ ಕಾರಣ ತೋಟಾದ ಗುಣದಲ್ಲೇ ಇದೆ. ಒಣ ಜಾಗದಲ್ಲಿಟ್ಟರೆ ಅದು ದಶಕಗಟ್ಟಲೆ ಕೆಡುವುದಿಲ್ಲ. ಕೆಡದ ಮಾಲನ್ನು ಜನ ಬಳಕೆಗಷ್ಟೇ ಕೊಳ್ಳುವುದಿಲ್ಲ, ದಾಸ್ತಾನಿಗೂ ಕೊಳ್ಳುತ್ತಾರೆ. ಬಳಕೆಗೆ ಒಂದು ಮಿತಿ ಇದೆ, ಭಾನುವಾರ ಗುರಿ ಅಭ್ಯಾಸಕ್ಕೆ ಹೋದವನು ಎಷ್ಟು ಹಾರಿಸಿಯಾನು? ಭಯದಿಂದ ಕೂಡಿಡುವುದಕ್ಕೆ ಮಿತಿಯೇ ಇಲ್ಲ. ಮೇಲಾಗಿ ಆ ದೇಶದ ಹೆಚ್ಚಿನ ರಾಜ್ಯಗಳಲ್ಲಿ ಒಬ್ಬ ಎಷ್ಟು ತೋಟಾ ಇಟ್ಟುಕೊಳ್ಳಬೇಕೆಂದು ಹೇಳುವ ಕಾನೂನಿಲ್ಲ. 1968ರ ಕಾಯ್ದೆ ತೋಟಾ ಮಾರಾಟದ ದಾಖಲೆ ಇಡಬೇಕೆಂದು ಅಂಗಡಿಯವರಿಗೆ ಹೇಳಿತ್ತು, 1986ರಲ್ಲಿ ಅದನ್ನೂ ಬಹುಪಾಲು ತೆಗೆದುಹಾಕಿದರು. ಹಾಗಾಗಿ ಕೋಟಿಗಟ್ಟಲೆ ಜನ ಒಂದೇ ವಾರದಲ್ಲಿ "ನನಗೂ ಎರಡು ಡಬ್ಬಿ ಹೆಚ್ಚಿಗೆ ಇರಲಿ" ಎಂದುಕೊಂಡರೆ ತಡೆಯುವವರಿಲ್ಲ.

ಕಾರ್ಖಾನೆಗಳೇಕೆ ಹೆಚ್ಚು ಮಾಡಿ ಕೊಡಲಿಲ್ಲ ಎನ್ನಬಹುದು. ಪಾಯಿಂಟ್ ಟೂಟೂ ತೋಟಾವನ್ನು ಅಂಗೈಯಲ್ಲಿಟ್ಟು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ನಿಮ್ಮ ಹನ್ನೆರಡು ಬೋರಿನ ತೋಟಾದ ಬುಡದ ನಡುವೆ ಗುಂಡಗೆ ಒಂದು ಚಿಕ್ಕ ಬೊಟ್ಟು ಕಾಣುತ್ತದಲ್ಲ, ಅದು ಕಿಡಿ ಕೊಡುವ ಪ್ರೈಮರ್. ಈ ಸಣ್ಣ ತೋಟಾದಲ್ಲಿ ಆ ಬೊಟ್ಟಿಲ್ಲ. ಕಿಡಿ ಕೊಡುವ ಮಸಾಲೆಯನ್ನು ಹಿತ್ತಾಳೆ ಖೋಲಿನ ಬುಡದ ಅಂಚಿನೊಳಗೆ, ಸುತ್ತಲೂ ಸಮನಾಗಿ ಕೂರುವಂತೆ ತಿರುಗಿಸಿ ತುಂಬಿರುತ್ತಾರೆ. ಅದಕ್ಕೆ ಬೇರೆಯೇ ಯಂತ್ರ, ಬೇರೆಯೇ ಎಚ್ಚರಿಕೆ ಬೇಕು. ಬೇರೆ ತೋಟಾ ಮಾಡುವ ಯಂತ್ರವನ್ನು ಇದಕ್ಕೆ ತಿರುಗಿಸಲಾಗದು. ಹಾರಿಸಿದ ಖೋಲನ್ನು ಮನೆಯಲ್ಲಿ ಮತ್ತೆ ತುಂಬಿಕೊಳ್ಳುವುದೂ ಕಷ್ಟ. ಕಾರ್ಖಾನೆಗಳು ಮೂರು ಪಾಳಿಯಲ್ಲಿ ದುಡಿದವು. ಆದರೆ ಹೊಸ ಯಂತ್ರಗಳ ಸಾಲಿಗೆ ಹಣ ಹಾಕಲು ಹಿಂಜರಿದವು, ಏಕೆಂದರೆ ಭಯ ಇಳಿದ ಮೇಲೆ ಕೊಳ್ಳುವವರಿರುವುದಿಲ್ಲ ಎಂದು ಅವಕ್ಕೆ ಗೊತ್ತಿತ್ತು. ಆ ಲೆಕ್ಕ ಸರಿಯೂ ಆಯಿತು. 2016ರ ಚುನಾವಣೆಯಲ್ಲಿ ಟ್ರಂಪ್ ಗೆದ್ದ ಮೇಲೆ ನಿರ್ಬಂಧದ ಭಯ ಇಳಿದು ವ್ಯಾಪಾರ ಕುಸಿಯಿತು, ದೊಡ್ಡ ಹೆಸರಿನ ರೆಮಿಂಗ್ಟನ್ ಕಂಪನಿ 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು.

ಯೂರಿಯಾ ಪಾಳಿ ನೋಡಿದ ನಿಮಗೆ ಇದು ಹೊಸದಲ್ಲ. ಈ ಸಲ ಸೊಸೈಟಿಗೆ ಲೋಡ್ ಬರುವುದಿಲ್ಲವಂತೆ ಎಂಬ ಮಾತು ಸಂತೆಯಲ್ಲಿ ಎದ್ದರೆ ಎರಡು ಚೀಲ ಸಾಕಾದವನೂ ಐದಕ್ಕೆ ಪಾಳಿ ಹಚ್ಚುತ್ತಾನೆ. ಬಂದ ಲೋಡು ಮಧ್ಯಾಹ್ನದೊಳಗೆ ಖಾಲಿ. ಬರಿಗೈಯಲ್ಲಿ ಹೋದವನಿಗೆ ಸುದ್ದಿ ನಿಜವೆಂದೇ ಅನ್ನಿಸುತ್ತದೆ, ಮರುದಿನ ಅವನು ಇನ್ನೂ ನಸುಕಿನಲ್ಲಿ ಬಂದು ನಿಲ್ಲುತ್ತಾನೆ. ಕೊರತೆ ನಿಜವಾಗಿಯೂ ಇದ್ದಾಗ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು 2008ರ ಜೂನ್‌ನಲ್ಲಿ ಹಾವೇರಿ ಕಂಡಿದೆ. ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಕಳೆದುಕೊಂಡರು.

ಭಯಕ್ಕೆ ಆಧಾರ ಇಲ್ಲದಿದ್ದರೂ ಬೆಲೆ ಏರುತ್ತದೆ ಎನ್ನುವುದಕ್ಕೆ ಸ್ಯಾಂಡಿ ಹುಕ್ ನಂತರದ ಅದೇ ಹೊತ್ತಿನ ಇನ್ನೊಂದು ಉದಾಹರಣೆ ಅಮೆರಿಕದಲ್ಲೇ ಇದೆ. ಅಮೆರಿಕದ ಒಳನಾಡು ಭದ್ರತಾ ಇಲಾಖೆಯೇ ಮಾರುಕಟ್ಟೆಯ ತೋಟಾವನ್ನೆಲ್ಲ ಬಾಚಿಕೊಳ್ಳುತ್ತಿದೆ, ಜನರಿಗೆ ಸಿಗದಂತೆ ಮಾಡಲು ಇದು ಸರ್ಕಾರದ ಹೂಟ ಎಂಬ ಮಾತು ಹಬ್ಬಿತು. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಕಡತ ತೆಗೆದು ನೋಡಿ, ಇಲಾಖೆಯ ಖರೀದಿ ಹಿಂದಿನ ವರ್ಷಗಳಿಗಿಂತ ಹೆಚ್ಚಿಲ್ಲ ಎಂದು 2014ರ ಆರಂಭದಲ್ಲಿ ವರದಿ ಕೊಟ್ಟಿತು. ವರದಿ ಬರುವ ಹೊತ್ತಿಗೆ ಕೊಳ್ಳುವವರು ಕೊಂಡಾಗಿತ್ತು.

ಮರುವರ್ಷ ಇನ್ನೂ ಸ್ಪಷ್ಟವಾಗಿ ಕಂಡಿತು. 2015ರ ಫೆಬ್ರುವರಿ 13ರಂದು ಅಲ್ಲಿನ ಶಸ್ತ್ರಾಸ್ತ್ರ ಇಲಾಖೆ ಒಂದು ಕರಡು ಹೊರಡಿಸಿತು. ತುದಿಗೆ ಹಸಿರು ಬಣ್ಣ ಬಳಿದ, ಎಂ855 ಎಂಬ ರೈಫಲ್ ತೋಟಾಕ್ಕೆ ಕವಚ ಭೇದಿಸುವ ತೋಟಾಗಳ ನಿಯಮದಿಂದ ಇದ್ದ ವಿನಾಯಿತಿಯನ್ನು ಹಿಂಪಡೆದು ಅದನ್ನು ಸಾರ್ವಜನಿಕ ಮಾರಾಟದಿಂದ ತೆಗೆಯುವ ಆಲೋಚನೆ ಅದರಲ್ಲಿತ್ತು. ಪೊಲೀಸರು ತೊಡುವ ಗುಂಡುನಿರೋಧಕ ಕವಚದ ಸುರಕ್ಷತೆ ಅದರ ಕಾರಣ. ಅಭಿಪ್ರಾಯ ತಿಳಿಸಿ ಎಂದಾಗ 80,000ಕ್ಕೂ ಹೆಚ್ಚು ಪತ್ರ ಬಂದವು, ಬಹುಪಾಲು ವಿರೋಧದವು. ಮಾರ್ಚ್ 10ಕ್ಕೆ ಇಲಾಖೆ ಕೈಬಿಟ್ಟಿತು. ಒಂದು ತಿಂಗಳೂ ತುಂಬದ ಆ ಅವಧಿಯಲ್ಲಿ ಹಸಿರು ತುದಿಯ ತೋಟಾ ಅಂಗಡಿಗಳಲ್ಲಿ ಇಲ್ಲವಾಗಿ, ಇದ್ದಲ್ಲಿ ದುಬಾರಿಯಾಗಿತ್ತು. ಮಾರಾಟದಿಂದ ತೆಗೆಯಬೇಕೆಂದುಕೊಂಡ ತೋಟಾವನ್ನು ಅದುವರೆಗೆ ಅದರ ಗೊಡವೆಯೇ ಇಲ್ಲದವರೂ ಮನೆಗೆ ಒಯ್ದು ಕೂಡಿಟ್ಟರು. ಇಂಥ ನಿಯಮ ಮಾಡುವವರು ಯಾವ ದೇಶದವರೇ ಇರಲಿ, ಇದನ್ನು ಗಂಭೀರವಾಗಿ ಯೋಚಿಸಬೇಕೆಂದು ನನಗನ್ನಿಸುತ್ತದೆ. ಘೋಷಣೆಗೂ ಜಾರಿಗೂ ನಡುವೆ ಬಿಟ್ಟ ಪ್ರತಿ ದಿನವೂ ಮನೆಗಳಲ್ಲಿನ ದಾಸ್ತಾನನ್ನು ಹೆಚ್ಚಿಸುತ್ತದೆ.

ಎಲ್ಲ ಏರಿಕೆಯೂ ಬರೀ ಭಯದ್ದಲ್ಲ ಎಂಬುದನ್ನೂ ಹೇಳಬೇಕು. 2014ರಲ್ಲಿ ರಷ್ಯಾದ 7ಎನ್6 ಎಂಬ ಅಗ್ಗದ ಹಳೆ ಸೇನಾ ತೋಟಾದ ಆಮದನ್ನು ನಿಜವಾಗಿಯೇ ನಿಲ್ಲಿಸಿದರು. ಅದರ ಬೆಲೆ ಏರಿತು, ಮತ್ತೆ ಹಳೆ ಮಟ್ಟಕ್ಕೆ ಇಳಿಯಲಿಲ್ಲ. ಹರಿವು ಬತ್ತಿದರೆ ಬೆಲೆ ಮೇಲೇ ನಿಲ್ಲುತ್ತದೆ, ಸುದ್ದಿಗಷ್ಟೇ ಏರಿದ ಬೆಲೆ ಸುದ್ದಿ ತಣ್ಣಗಾದಂತೆ ಇಳಿಯುತ್ತದೆ. ನಿಮ್ಮಂಥ ಕೊಳ್ಳುವವರು ತಿಳಿಯಬೇಕಾದ ವ್ಯತ್ಯಾಸ ಇದೇ. ಇನ್ನು ತೆರಿಗೆಯದು ಬೇರೆ ಬಗೆ. ಕ್ಯಾಲಿಫೋರ್ನಿಯ ರಾಜ್ಯ 2024ರ ಜುಲೈ 1ರಿಂದ ಬಂದೂಕು ಮತ್ತು ತೋಟಾದ ಮೇಲೆ ಶೇ 11ರಷ್ಟು ರಾಜ್ಯ ತೆರಿಗೆ ಹಾಕಿದೆ. ಅಷ್ಟು ಹೆಚ್ಚಾಗುತ್ತದೆ ಎಂದು ಮೊದಲೇ ಲೆಕ್ಕ ಸಿಗುವುದರಿಂದ ಜನ ಹಿಂದಿನ ತಿಂಗಳಲ್ಲಿ ಒಂದಿಷ್ಟು ಹೆಚ್ಚು ಕೊಂಡು ಸುಮ್ಮನಾಗಬಹುದು. ಎಷ್ಟು, ಯಾವಾಗ ಎಂದು ಗೊತ್ತಿರುವ ಏರಿಕೆಗಿಂತ ಗೊತ್ತಿಲ್ಲದ ನಿರ್ಬಂಧವೇ ಜನರನ್ನು ಹೆಚ್ಚು ಓಡಿಸುತ್ತದೆ.

ಅದೇ ಕ್ಯಾಲಿಫೋರ್ನಿಯದಲ್ಲಿ ಕೊಳ್ಳುವ ರೂಢಿಯೇ ಬದಲಾದ ಕಥೆ ಇದೆ. 2016ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಕಾನೂನಿನಂತೆ 2018ರಿಂದ ತೋಟಾವನ್ನು ಅಂಚೆಯಲ್ಲಿ ನೇರ ಮನೆಗೆ ತರಿಸುವಂತಿಲ್ಲ, ಪರವಾನಗಿ ಇರುವ ಅಂಗಡಿಯ ಮೂಲಕವೇ ಬರಬೇಕು ಎಂದಾಯಿತು. 2019ರ ಜುಲೈ 1ರಿಂದ ಪ್ರತಿ ಖರೀದಿಗೂ ಹಿನ್ನೆಲೆ ತಪಾಸಣೆ ಶುರುವಾಯಿತು. ಮತದಾನಕ್ಕೂ ತಪಾಸಣೆಗೂ ನಡುವೆ ಎರಡೂವರೆ ವರ್ಷ. ಕೊನೆಯ ವಾರಗಳಲ್ಲಿ ಅಂಗಡಿಗಳ ಮುಂದೆ ಸಾಲು. ತಪಾಸಣೆ ಶುರುವಾದ ಮೊದಲ ತಿಂಗಳುಗಳಲ್ಲಿ ನೂರಕ್ಕೆ ಸುಮಾರು 16 ಮಂದಿಯ ಖರೀದಿ ತಿರಸ್ಕೃತವಾಯಿತು. ಅವರಲ್ಲಿ ಅಪರಾಧದ ಹಿನ್ನೆಲೆಯವರು ತೀರಾ ಕಡಿಮೆ. ಉಳಿದವರಲ್ಲಿ ಬಹುಪಾಲಿನದು ವಿಳಾಸ ಬದಲಾದದ್ದು, ಹಳೆಯ ದಾಖಲೆಯಲ್ಲಿ ಹೆಸರು ತಾಳೆಯಾಗದ್ದು. ಈ ಕಾನೂನಿನ ಮೇಲೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. ಪದೇ ಪದೇ ಅಂಗಡಿಗೆ ಅಲೆಯುವುದಕ್ಕಿಂತ ಒಮ್ಮೆಗೇ ಹೆಚ್ಚು ಕೊಳ್ಳೋಣ ಎಂಬ ರೂಢಿ ಇಂಥಲ್ಲಿ ಹುಟ್ಟುತ್ತದೆ. ಪ್ರತಿ ಭೇಟಿಗೂ ತೊಡಕಿದ್ದರೆ ಯಾರಾದರೂ ಭೇಟಿ ಕಡಿಮೆ ಮಾಡಿ ಗಂಟು ದೊಡ್ಡದು ಮಾಡುತ್ತಾರೆ.

2020ರಲ್ಲಂತೂ ಕೊರೊನಾ, ಬೀದಿ ಗಲಭೆ, ಚುನಾವಣೆ ಮೂರೂ ಕೂಡಿಬಂದವು. ವರ್ಷದ ಆರಂಭದಲ್ಲಿ 20 ಸೆಂಟ್ ಆಸುಪಾಸಿನಲ್ಲಿದ್ದ 9 ಎಂಎಂ ಪಿಸ್ತೂಲಿನ ತೋಟಾ ಮುಂದಿನ ವರ್ಷದ ಹೊತ್ತಿಗೆ ಅರ್ಧ ಡಾಲರ್ ದಾಟಿತ್ತು. ಲಕ್ಷಗಟ್ಟಲೆ ಜನ ಮೊದಲ ಬಾರಿಗೆ ಬಂದೂಕು ಕೊಂಡ ವರ್ಷ ಅದು. ಅದರಲ್ಲಿ ನಿರ್ಬಂಧದ ಸುದ್ದಿಯ ಪಾಲೆಷ್ಟು, ರೋಗದ ಭಯದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ಈಗ ನಮ್ಮ ಕಡೆಗೆ ಬರೋಣ. ನಿಮ್ಮ ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಯಾವ ಬೋರಿನ ಬಂದೂಕು, ಅದರ ನಂಬರು ಏನು ಎಂಬುದರ ಜೊತೆಗೆ ಒಂದು ಹೊತ್ತಿಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಬರೆದಿರುತ್ತದೆ. ಹಿಂದಿನ ಪುಟಗಳಲ್ಲಿ ನೀವು ಕೊಂಡ ಪ್ರತಿ ಸಲದ ತಾರೀಖು, ಎಣಿಕೆ, ಅಂಗಡಿಯವರ ಸಹಿ, ಸಿಕ್ಕಾ ಇರುತ್ತವೆ. ಅದೇ ಲೆಕ್ಕ ಅಂಗಡಿಯ ರಿಜಿಸ್ಟರಿನಲ್ಲೂ ಇರಬೇಕು. ಅಮೆರಿಕದಲ್ಲಿ ಬೆಲೆಯನ್ನು ಆಕಾಶಕ್ಕೆ ಒಯ್ದ ಮಿತಿಯಿಲ್ಲದ ಕೊಳ್ಳುವಿಕೆಗೆ ಇಲ್ಲಿ ಈ ಪುಸ್ತಕವೇ ಅಡ್ಡ ನಿಂತಿದೆ. ನೀವೂ ನಿಮ್ಮಂಥ ಎಲ್ಲ ಲೈಸೆನ್ಸ್‌ದಾರರೂ ಒಂದೇ ದಿನ ಹೆದರಿ ಅಂಗಡಿಗೆ ಓಡಿದರೂ ಪುಸ್ತಕದಲ್ಲಿ ಬರೆದ ಸಂಖ್ಯೆಗಿಂತ ಒಂದೂ ಹೆಚ್ಚು ಒಯ್ಯುವಂತಿಲ್ಲ. ಆದ್ದರಿಂದ ಟೆಕ್ಸಾಸ್‌ನ ಹಾಗೆ ಬೆಲೆ ಎರಡು ಮೂರು ಪಟ್ಟಾಗುವ ಸಂಭವ ನಮ್ಮಲ್ಲಿ ಬಹಳ ಕಡಿಮೆ. ಒಂದು ಮಾತು: ಕೊಡಗಿನಲ್ಲಿ ಜಮ್ಮಾ ಎಂಬ ಹಳೆಯ ಪದ್ಧತಿಯ ಜಮೀನು ಇರುವವರಿಗೆ, ಕೊಡವರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಕೊಡಗಿಗಷ್ಟೇ, 2029ರವರೆಗೆ ಮುಂದುವರಿದಿದೆ. ಧಾರವಾಡ ಜಿಲ್ಲೆಗೆ ಅದರ ಸಂಬಂಧವಿಲ್ಲ.

ನಮ್ಮಲ್ಲಿ ಬೆಲೆ ಏರುವುದೇ ಇಲ್ಲ ಎಂದಲ್ಲ. ಅದರ ದಾರಿ ಬೇರೆ. ನೀವು ಕೊಳ್ಳುವ ಶಕ್ತಿಮಾನ್ ತೋಟಾ ಪುಣೆ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯದು. ಬ್ರಿಟಿಷರ ಕಾಲದ ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಕೆಳಗಿದೆ. ಅದರ ಮುಖ್ಯ ಗಿರಾಕಿ ಸೇನೆ, ನಾವಲ್ಲ. ಸೇನೆಯ ಬೇಡಿಕೆ ಹೆಚ್ಚಾದರೆ ನಮ್ಮ ಅಂಗಡಿಗೆ ಮಾಲು ತಡವಾಗುತ್ತದೆ. ಹಿತ್ತಾಳೆ, ಸೀಸದ ದರ ಏರಿದರೆ ತೋಟಾ ದರವೂ ಏರುತ್ತದೆ. ಈ ಭಾಗದಲ್ಲಿ ತೋಟಾ ಮಾರುವ ಪರವಾನಗಿ ಇರುವ ಅಂಗಡಿಗಳೇ ಕಡಿಮೆ. ಗದಗ, ಹಾವೇರಿ ಕಡೆಯವರು ಎಷ್ಟೋ ಸಲ ಹುಬ್ಬಳ್ಳಿಗೆ ಬರಬೇಕು. ಹೀಗಾಗಿ ಒಂದು ಅಂಗಡಿಯಲ್ಲಿ ಮಾಲು ಮುಗಿದರೂ ಸುತ್ತಲಿನ ತಾಲ್ಲೂಕುಗಳಿಗೆ ಕೊರತೆಯಂತೆ ಕಾಣುತ್ತದೆ. ಗೋವಿನಜೋಳ (ಮೆಕ್ಕೆಜೋಳ) ಹಾಲುಗಾಳು ಕಟ್ಟುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಂದಿ ಹೊಲಕ್ಕೆ ನುಗ್ಗುತ್ತವೆ, ಅದರ ಹಿಂದೆಮುಂದೆ ಎಲ್ಲರೂ ತೋಟಾ ಕೇಳುತ್ತಾರೆ. ಚುನಾವಣೆ ಬಂದರೆ ಬಂದೂಕು ಠಾಣೆ ಸೇರುತ್ತವೆ. 2024ರ ಲೋಕಸಭೆ ಚುನಾವಣೆಯಲ್ಲಿ ನೀತಿ ಸಂಹಿತೆ ಮಾರ್ಚ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಇತ್ತು. ಬಂದೂಕು ವಾಪಸ್ ಬರುವ ಹೊತ್ತಿಗೆ ಬಿತ್ತನೆ. ಆಮೇಲೆ ಎಲ್ಲರೂ ಒಟ್ಟಿಗೆ ಅಂಗಡಿಗೆ. ಈ ನೂಕುನುಗ್ಗಲಿಗೂ ದಿಲ್ಲಿಯ ಪ್ರಸ್ತಾಪಕ್ಕೂ ಸಂಬಂಧವಿಲ್ಲ.

ನಮ್ಮ ದೇಶದಲ್ಲೇ ಪ್ರಸ್ತಾಪವೊಂದು ಮಾರುಕಟ್ಟೆಯನ್ನು ಅಲುಗಿಸಿದ್ದುಂಟು, ಅದೂ ತಿರುಗು ದಿಕ್ಕಿನಲ್ಲಿ. 2019ರ ನವೆಂಬರ್ ಕೊನೆಗೆ ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಒಬ್ಬರ ಬಳಿ ಮೂರು ಬಂದೂಕಿರಬಹುದಾದದ್ದನ್ನು ಒಂದಕ್ಕೆ ಇಳಿಸಲು ಹೊರಟಿತ್ತು. ವಿರೋಧ ಬಂದ ಮೇಲೆ ಎರಡು ಎಂದಾಯಿತು, ಡಿಸೆಂಬರ್ 14ರಿಂದ ಜಾರಿಗೆ ಬಂತು. ಮಂಡನೆಯಿಂದ ಜಾರಿಗೆ ಹಿಡಿದದ್ದು ಎರಡೇ ವಾರ, ಹೆದರಿ ಕೊಳ್ಳಲು ಸಮಯವೇ ಇರಲಿಲ್ಲ. ಮೂರನೆಯ ಬಂದೂಕು ಇದ್ದವರು ವರ್ಷದೊಳಗೆ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಒಪ್ಪಿಸಬೇಕಾಯಿತು. ಮಾರಬೇಕಾದವರು ಹೆಚ್ಚು, ಕೊಳ್ಳಬಲ್ಲವರು ಕಡಿಮೆ ಆದಾಗ ಹಳೆ ಬಂದೂಕಿಗೆ ಒಳ್ಳೆ ಬೆಲೆ ಸಿಗುವುದು ಹೇಗೆ? ಅಜ್ಜನ ಡಬಲ್ ಬ್ಯಾರಲ್ಲನ್ನು ಕೊಟ್ಟದ್ದಕ್ಕೆ ಕೊಟ್ಟು ಬಂದವರಿದ್ದಾರೆ. ಇಟ್ಟುಕೊಳ್ಳುವುದರ ಮೇಲೆ ಮಿತಿ ಬಂದರೆ ಬೆಲೆ ಇಳಿಯುತ್ತದೆ, ತಯಾರಿಕೆ ಅಥವಾ ಮಾರಾಟದ ಮೇಲೆ ಬಂದರೆ ಏರುತ್ತದೆ. ನಿರ್ಬಂಧ ಬರುತ್ತದಂತೆ ಎಂದು ಯಾರಾದರೂ ಹೇಳಿದರೆ, ಯಾವುದರ ಮೇಲೆ ಎಂದು ಮೊದಲು ಕೇಳಿ.

ಅಂಗಡಿಯವರ ಮಾತಿಗೆ ಬಂದರೆ, ನಿಯಮ ಬದಲಾದರೆ ಅದು ರಾಜಪತ್ರದಲ್ಲಿ ಬರಬೇಕು. ನಿಮ್ಮ ಲೈಸೆನ್ಸಿನ ಸಂಖ್ಯೆ ಬದಲಾಗುವುದು ಲೈಸೆನ್ಸ್ ಕೊಟ್ಟ ಕಚೇರಿಯ ಆದೇಶದಿಂದ. ಅಂಥ ಕಾಗದ ತೋರಿಸಿದರೆ ನಂಬಿ. ಕಪಾಟಿನಲ್ಲಿದ್ದ ಮಾಲು ಬೇಗ ಹೋಗಲಿ ಎಂದು ಯಾವ ವ್ಯಾಪಾರಿಗಾದರೂ ಇರುತ್ತದೆ, ಅದು ತಪ್ಪೂ ಅಲ್ಲ.

ಹಾಗಾದರೆ ಈಗ ಎಷ್ಟು ಕೊಳ್ಳಬೇಕು? ಲೆಕ್ಕ ಹಾಕೋಣ. ಒಂದು ತೋಟಾಕ್ಕೆ 100 ರೂಪಾಯಿ ಎಂದು ಲೆಕ್ಕಕ್ಕಷ್ಟೇ ಹಿಡಿಯೋಣ, ಒಂದು ಹಂಗಾಮಿಗೆ ನಿಮಗೆ 20 ಬೇಕು ಎನ್ನೋಣ. ದರ ಐದನೇ ಒಂದು ಪಾಲು ಏರಿದರೂ ನಿಮಗೆ ಹೆಚ್ಚು ಬೀಳುವುದು 400 ರೂಪಾಯಿ. ಅದನ್ನು ಉಳಿಸಲು ವರ್ಷದ ಪಾಲನ್ನೆಲ್ಲ ಈಗಲೇ ತಂದಿಟ್ಟರೆ ಕಲಘಟಗಿಯ ಮಳೆಗಾಲವನ್ನು ಅದು ದಾಟಬೇಕು. ಕಾಗದದ ಕೊಳವೆಯ ತೋಟಾ ತೇವ ಕುಡಿದು ಉಬ್ಬುತ್ತದೆ, ಬ್ಯಾರಲ್ಲಿನ ಬಾಯಿಗೆ ಇಳಿಯುವುದಿಲ್ಲ. ಪ್ಲಾಸ್ಟಿಕ್ ಕೊಳವೆಯದು ಉಬ್ಬದಿದ್ದರೂ ಹಿತ್ತಾಳೆಯ ಬುಡ ಹಸಿರು ಹಿಡಿಯುತ್ತದೆ. ಉಬ್ಬಿದ್ದನ್ನು ಒತ್ತಿ ತುರುಕುವ ಸಾಹಸ ಯಾರೂ ಮಾಡಬಾರದು. ಬಂದೂಕಿನ ಕುದುರೆ (ಟ್ರಿಗರ್) ಎಳೆದೂ ತೋಟಾ ಹಾರದಿದ್ದರೆ ಬ್ಯಾರಲ್ಲನ್ನು ಖಾಲಿ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯ್ದು ಆಮೇಲೆ ತೆರೆಯಬೇಕು. ಕೆಟ್ಟ ತೋಟಾಗಳನ್ನು ಹೂಳುವುದೂ ಬೇಡ, ಒಲೆಗೆ ಹಾಕುವುದಂತೂ ಬೇಡವೇ ಬೇಡ. ಪುಸ್ತಕ ಸಮೇತ ಅಂಗಡಿಗೆ ಅಥವಾ ಠಾಣೆಗೆ ಒಯ್ದು ಕೇಳಿ. ನನ್ನ ಸಲಹೆ ಇಷ್ಟು: ಈ ಹಂಗಾಮಿಗೆ ಬೇಕಾದಷ್ಟು, ಅದರ ಮೇಲೆ ಐದಾರು. ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಪುಡಿಯ ಸಣ್ಣ ಚೀಲ, ಮೇಲೆ ಕೊಂಡ ತಾರೀಖು. ಹಳೆಯದನ್ನು ಮೊದಲು ಬಳಸಿ. ಬೀಗ ಇರಲಿ, ಬೀಗದ ಕೈ ಮಕ್ಕಳ ಕಣ್ಣಿಗೆ ಬೀಳದಿರಲಿ.

ನೀವು ಕೇಳದ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ತೋಟಾ ತುಟ್ಟಿಯಾದರೆ ಅಥವಾ ಸಿಗದೆ ಹೋದರೆ ಕಾಡಂಚಿನ ರೈತ ಏನು ಮಾಡುತ್ತಾನೆ? ಹಂದಿ ಬರುವುದು ನಿಲ್ಲುವುದಿಲ್ಲ. ಸಾಲ ಮಾಡಿ ಬಿತ್ತಿದ ಗೋವಿನಜೋಳ ಒಂದೇ ರಾತ್ರಿಯಲ್ಲಿ ನೆಲ ಕಚ್ಚಿದ್ದನ್ನು ನೋಡಿದವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಹಿಟ್ಟಿನ ಉಂಡೆಯಲ್ಲಿ ಮುಚ್ಚಿಟ್ಟ ಸಿಡಿಮದ್ದು, ಬೇಲಿಗೆ ಎಳೆದ ಕರೆಂಟು, ಕಾರ್ಬೈಡ್ ತುಂಬಿದ ಪೈಪು. ಸಿಡಿಮದ್ದಿಗೆ ಬಾಯಿ ಹಾಕಿ ದವಡೆ ಕಳೆದುಕೊಳ್ಳುವುದು ಹಂದಿಯಷ್ಟೇ ಅಲ್ಲ, ಮೇಯಲು ಬಿಟ್ಟ ಆಕಳೂ ಹೌದು. ಕರೆಂಟಿನ ತಂತಿಗೆ ಬೆಳಗಿನ ಜಾವ ನೀರು ಬಿಡಲು ಹೋದ ಪಕ್ಕದ ಹೊಲದವನೇ ಬಲಿಯಾಗುತ್ತಾನೆ. ಕಾರ್ಬೈಡ್ ಪೈಪಿನಿಂದ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೊಂದು ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಲೈಸೆನ್ಸ್ ಇರುವ, ಲೆಕ್ಕ ಇರುವ ತೋಟಾದ ದಾರಿ ಕಷ್ಟವಾದಷ್ಟೂ ಲೆಕ್ಕವಿಲ್ಲದ ಈ ದಾರಿಗಳು ಸುಲಭವಾಗಿ ಕಾಣುತ್ತವೆ. ನಿರ್ಬಂಧ ಬೇಡ ಎಂದು ನಾನು ಹೇಳುತ್ತಿಲ್ಲ. ತೋಟಾಕ್ಕೆ ಲೆಕ್ಕ ಇರಲೇಬೇಕು, ನಮ್ಮ ಪುಸ್ತಕದ ಪದ್ಧತಿ ಒಳ್ಳೆಯದು ಎಂದೇ ನನ್ನ ನಂಬಿಕೆ. ಬಿಗಿ ಮಾಡುವವರು ಅದರ ಜೊತೆಗೇ ಸೋಲಾರ್ ಬೇಲಿಯ ಸಹಾಯಧನವನ್ನು, ಬೆಳೆ ಪರಿಹಾರವನ್ನು ಬೇಗ ಕೊಡುವ ಏರ್ಪಾಡು ಮಾಡಬೇಕು. ಅದು ಹಿಂದೆ ಬಿದ್ದರೆ ತೋಟಾದ ಬದಲು ಸಿಡಿಮದ್ದು ಬರುತ್ತದೆ.

ಬೆಳೆ ರಕ್ಷಣೆಯ ಲೈಸೆನ್ಸ್ ಹಂದಿ ಕೊಲ್ಲುವ ಅನುಮತಿಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಡುಹಂದಿ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಸದ್ದು ಮಾಡಿ ಓಡಿಸುವುದು ಬೇರೆ, ಕೊಲ್ಲಲು ಅರಣ್ಯ ಇಲಾಖೆಯ ಅನುಮತಿ ಬೇಕು. ಓಡಿಸುವುದಕ್ಕಾದರೆ ಒಂದು ರಾತ್ರಿಗೆ ಒಂದೆರಡು ತೋಟಾ ಸಾಕು, ಮೇಲಿನ ಲೆಕ್ಕ ಅದರಲ್ಲೇ ಮುಗಿಯುತ್ತದೆ.

ಇನ್ನೊಂದು. ನೀವಿರುವುದು ಹುಬ್ಬಳ್ಳಿ, ಹೊಲ ಕಲಘಟಗಿ ಕಡೆ. ಹಾಗಾದರೆ ರಾತ್ರಿ ಬಂದೂಕು ಹಿಡಿಯುವವರು ಯಾರು? ತಮ್ಮನೋ ಹೊಲ ಕಾಯುವ ಆಳೋ ಆಗಿದ್ದರೆ ಅವರ ಹೆಸರು ನಿಮ್ಮ ಲೈಸೆನ್ಸಿನ ರಿಟೇನರ್ ಕಾಲಮಿನಲ್ಲಿ, ಅಂದರೆ ನಿಮ್ಮ ಪರವಾಗಿ ಬಂದೂಕು ಹಿಡಿಯುವವರ ಹೆಸರು ಬರೆಯುವ ಕಡೆ, ಇದೆಯೇ ನೋಡಿ. ಇಲ್ಲದಿದ್ದರೆ ನೀವು ಕೊಂಡ ತೋಟಾ ಅವರ ಕೈಯಲ್ಲಿದ್ದಷ್ಟು ಹೊತ್ತು ಇಬ್ಬರಿಗೂ ಅಪಾಯ. ವಿಳಾಸ ಬದಲಾಗಿದ್ದರೆ ಅದನ್ನೂ ತಿಳಿಸಬೇಕು. ಅವಳಿ ನಗರದೊಳಗಿನ ಲೈಸೆನ್ಸ್ ಪೊಲೀಸ್ ಕಮಿಷನರ್ ಕಚೇರಿಗೆ ಸೇರಿದ್ದು, ಗ್ರಾಮೀಣ ಭಾಗದ್ದು ಜಿಲ್ಲಾಧಿಕಾರಿ ಕಚೇರಿಗೆ. ನಿಮ್ಮದು ಯಾರು ಕೊಟ್ಟದ್ದು ಎಂದು ಮೊದಲ ಪುಟದ ಸಿಕ್ಕಾ ನೋಡಿ, ಅಲ್ಲಿಗೇ ಅರ್ಜಿ ಕೊಡಿ. ಅವಧಿ ಮುಗಿಯುವ ತಾರೀಖನ್ನೂ ನೋಡಿಕೊಳ್ಳಿ. 2019ರ ತಿದ್ದುಪಡಿಯ ನಂತರ ಹೊಸದಾಗಿ ಕೊಟ್ಟ, ನವೀಕರಿಸಿದ ಲೈಸೆನ್ಸಿಗೆ ಐದು ವರ್ಷ, ಅದಕ್ಕೂ ಹಿಂದಿನದಕ್ಕೆ ಮೂರು ಇತ್ತು. ಅವಧಿ ಮುಗಿದ ಪುಸ್ತಕಕ್ಕೆ ಯಾವ ಅಂಗಡಿಯವರೂ ತೋಟಾ ಕೊಡುವಂತಿಲ್ಲ, ಮನೆಯಲ್ಲಿ ಮೊದಲೇ ಇದ್ದ ತೋಟಾವೂ ಅಂದಿನಿಂದ ಪರವಾನಗಿ ಇಲ್ಲದ್ದಾಗುತ್ತದೆ. ನವೀಕರಣ ಬಾಕಿ ಇದ್ದರೆ ಅದನ್ನು ಮುಗಿಸಿಕೊಂಡು ಅಂಗಡಿಗೆ ಹೋಗಿ.